ಬಾಯಿ ತುಂಬ ಹೊಳೆನೀರು

ಈ ಕಥೆಯನ್ನು ಬೇರೆಯವರು ಬರೆದರೆ ನನ್ನ ಮೂರ್ಖತನವನ್ನು ಸಣ್ಣದು ಮಾಡಿ ಬರೆದುಬಿಡುತ್ತಾರೆ. ನನ್ನದು ಯಾವುದೂ ಸಣ್ಣದಲ್ಲ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮದಿಂದ ನೀರಿಗಿಳಿಯಲು ಕಲ್ಲಿನ ಮೆಟ್ಟಿಲು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ ಒಬ್ಬ ಅಜ್ಜ.

ಅಜ್ಜನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಕಲ್ಲಿನ ಮೇಲೆ ಕೂತಿರುತ್ತಾರೆಂದು ಮಂದಿ ಕಲ್ಲಜ್ಜ ಎನ್ನುತ್ತಿದ್ದರು.

ಅಲ್ಲಿ ದಿನಾ ದೀಪ ಹಚ್ಚುವ ಹೊತ್ತಿಗೆ ಪುರಾಣ. ಒಬ್ಬರು ಓದುವುದು, ಅಜ್ಜ ಅರ್ಥ ಹೇಳುವುದು. ಓದುತ್ತಿದ್ದ ಹಿರಿಯರಿಗೆ ಕಣ್ಣಿನಲ್ಲಿ ಪೊರೆ ಬಂತು. ಜಾಗ ಖಾಲಿಯಾಯಿತು.

ಸುದ್ದಿ ನಮ್ಮೂರಿಗೆ ಮುಟ್ಟಿದ ದಿನವೇ ನಾನು ಅಂಗಿ ಇಸ್ತ್ರಿ ಮಾಡಿಸಿದೆ.

ಸುತ್ತಿನ ಏಳು ಹಳ್ಳಿಯಲ್ಲಿ ನನ್ನಂಥ ಓದುಗ ಇರಲಿಲ್ಲ. ಇವತ್ತಿಗೂ ಇಲ್ಲ, ಬೇಕಾದರೆ ಕೇಳಿಕೊಂಡು ಬನ್ನಿ. ನಾನು ಕಟ್ಟೆಯ ಮೇಲೆ ಪೇಪರ್ ಓದಿದರೆ ಕೆರೆಯಲ್ಲಿ ಬಟ್ಟೆ ಒಗೆಯುವವರಿಗೂ ಸುದ್ದಿ ಗೊತ್ತಾಗುತ್ತಿತ್ತು.

“ಅಜ್ಜಾರ, ನಾ ಲಗಮಣ್ಣ. ಪುರಾಣ ಓದಾಕ ಬಂದೀನಿ.”

“ಓದಾಕ ಬರತೈತೇನು?”

ನನಗೆ ನಗು ಬಂತು. ವ್ಯಾಸಪೀಠದ ಮೇಲಿದ್ದ ಪುಸ್ತಕ ಎತ್ತಿಕೊಂಡು ಒಂದು ಪುಟವನ್ನು ಒಂದೇ ಉಸಿರಿನಲ್ಲಿ ಓದಿದೆ. ಆಲದ ಮರದ ಪಾರಿವಾಳಗಳು ಎದ್ದು ಹಾರಿದವು.

“ಭೇಷ್,” ಅಂದರು ಅಜ್ಜ. “ಓದಸಾಕ ಬರತೈತೇನು?”

“ಅದೇನ್ ದೊಡ್ಡದ್ರಿ?”

“ಹಂಗಾದ್ರ ಒಂದು ಕೂಸಿನ ಕೂಡ ಕುಂದ್ರು. ಆ ಕೂಸು ಓದಿದ ಮರುದಿನ ಪೀಠ ನಿಂದು.”

ಆಶ್ರಮದ ರೂಢಿ ಅದು. ಶಾಲೆಯಲ್ಲಿ ಓದು ಹತ್ತದೆ ಹಿಂದೆ ಬಿದ್ದ ಮಕ್ಕಳು ಶಾಲೆ ಬಿಟ್ಟ ಮೇಲೆ ಮೆಟ್ಟಿಲಿಗೆ ಬರುತ್ತಿದ್ದರು. ಒಂದು ಮೆಟ್ಟಿಲಿಗೆ ಒಂದೇ ಮಗು, ಪಕ್ಕದಲ್ಲಿ ಒಬ್ಬರೇ ದೊಡ್ಡವರು. ಬಸ್ ಕಂಡಕ್ಟರ್, ಹಿಟ್ಟಿನ ಗಿರಣಿಯ ಮಾದೇವಪ್ಪ, ಬಳೆ ಮಾರುವ ಹುಸೇನಬಿ. ತಮ್ಮ ತಮ್ಮ ಕೆಲಸ ಮುಗಿಸಿ ತಾವಾಗಿ ಬಂದು ಕೂರುವವರು.

ಮಕ್ಕಳು ತಡವರಿಸಿ ತಡವರಿಸಿ ಓದುತ್ತಿದ್ದವು. ದೊಡ್ಡವರು ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಎಲ್ಲರ ಗಲ್ಲ ಉಬ್ಬಿದ್ದವು. ಎಲೆಅಡಿಕೆ ಹಾಕಿಕೊಂಡಿದ್ದಾರೆ ಅಂದುಕೊಂಡೆ. ಪಾಪ, ಓದು ಬಾರದ ಮಂದಿ, ಏನು ಹೇಳಿಕೊಟ್ಟಾರು ಅಂತಲೂ ಅಂದುಕೊಂಡೆ.

ನನಗೆ ಸಿಕ್ಕಿದ ಮಗು ಹೊಳೆವ್ವ. ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಅಂಬಿಗರ ಹುಡುಗಿ.

ಅವಳ ಅಪ್ಪ ಯಲಗೂರಪ್ಪ ತೆಪ್ಪವನ್ನು ಕಲ್ಲಿಗೆ ಕಟ್ಟಿ ಮೇಲೆ ಬಂದ.

“ಅಜ್ಜಾರ, ಕೆಳಗಿನ ಬ್ಯಾರೇಜಿನ ಬಾಗಲಾ ದುರಸ್ತಿಗೆ ತೆಗದಾರ. ನೀರು ಇಳ್ಯಾಕ ಹತ್ತೈತಿ. ಕಡೀ ಮೆಟ್ಟಲಾ ಕಾಣೂ ಹೊತ್ತಿಗೆ ನಡುಹೊಳಿ ಉಸುಕು ಒಣಗಿರತೈತಿ. ಕಲ್ಲಂಗಡಿ ಬೀಜ ಹಾಕಬೇಕು. ಬಳ್ಳಿ ಕಾಯಾಕ ಈಕಿ ಬೇಕು.”

“ಸಾಲಿ?”

“ನಾಕು ವರ್ಷ ಹೋಗ್ಯಾಳ್ರಿ. ಒಂದು ಸಾಲು ಓದಾಕ ಬರವಲ್ದು. ಹಿಂದಿನ ಗ್ವಾಡಿಗೆ ಕುಂಡರಸ್ತಾರ. ಸುಮ್ನ ಕುಂಡ್ರೂದಾದ್ರ ಉಸುಕಿನ್ಯಾಗ ಕುಂಡ್ರಲಿ. ಕಾಯಿಯಾದ್ರೂ ಉಳೀತಾವು.”

ಹುಡುಗಿ ಪಾಟಿಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

“ಕಡೀ ಮೆಟ್ಟಲಾ ಕಾಣೂ ತನಕ ಬಿಡು,” ಅಂದರು ಅಜ್ಜ. “ಅಷ್ಟರಾಗ ಓದಿದ್ರ?”

“ಓದಿದ್ರ ಸಾಲಿಗೇ ಹೋಗಲಿ. ನಾ ಏನ್ ಆಕಿಗೆ ವೈರಿ ಏನ್ರಿ?”

ನಾನು ನಡುವೆ ಬಾಯಿ ಹಾಕಿದೆ. “ಯಲಗೂರಪ್ಪಣ್ಣ, ಎಂಟು ದಿನ ಸಾಕು. ಲಗಮಣ್ಣನ ಕೈಗೆ ಸಿಕ್ಕ ಮ್ಯಾಲ ಕಲ್ಲೂ ಓದತೈತಿ.”

“ಕಲ್ಲು ಓದೂದಿಲ್ಲ ತಮ್ಮಾ,” ಅಂದರು ಅಜ್ಜ. “ಓದಸತೈತಿ.”

ಆ ಮಾತು ನನಗೆ ತಿಳಿಯಲಿಲ್ಲ. ತಿಳಿಯದ ಮಾತಿಗೆ ನಾನು ತಲೆದೂಗುವವನಲ್ಲ. ಸುಮ್ಮನೆ ನಕ್ಕೆ.

ಶಾಲೆಯ ಪುಸ್ತಕದಲ್ಲಿ ಗಿಳಿಯ ಪಾಠವೊಂದಿತ್ತು. ನಾನು ಒಂದು ಸಾಲು ಓದುವುದು, ಅವಳು ಹಿಂದಿನಿಂದ ಹೇಳುವುದು. ಅವಳು ತಡೆದರೆ ಮುಂದಿನ ಶಬ್ದ ನಾನೇ ಕೊಡುತ್ತಿದ್ದೆ. ತಡೆಯುವ ಮೊದಲೇ ಕೊಟ್ಟದ್ದೂ ಉಂಟು. ಕೊಡುವುದರಲ್ಲಿ ನಾನು ಕೈ ಬಿಗಿ ಹಿಡಿಯುವವನಲ್ಲ.

ಎಂಟನೇ ದಿನ ಯಲಗೂರಪ್ಪನನ್ನು ಕರೆಸಿದೆ. ಕಂಡಕ್ಟರನಿಂದ ಹಿಡಿದು ಎಲ್ಲರನ್ನೂ ಮೇಲಕ್ಕೆ ಕೂಗಿ ಕರೆದೆ.

ಹೊಳೆವ್ವ ಅಜ್ಜನ ಮುಂದೆ ನಿಂತು ಪುಸ್ತಕ ಬಿಚ್ಚಿದಳು. ಓದಿದಳು. ಎಲ್ಲೂ ತಡೆಯಲಿಲ್ಲ. ನಾನು ಏರಿಸುವಲ್ಲಿ ಏರಿಸಿದಳು, ಇಳಿಸುವಲ್ಲಿ ಇಳಿಸಿದಳು. ನಡುವೆ ನಾನು ಗಂಟಲು ಸರಿ ಮಾಡಿಕೊಳ್ಳುವ ಜಾಗವೊಂದಿತ್ತು. ಅಲ್ಲಿ ಅವಳೂ ಗಂಟಲು ಸರಿ ಮಾಡಿಕೊಂಡಳು.

ನಾನು ಮೀಸೆ ಮುಟ್ಟಿಕೊಂಡೆ.

ಅಜ್ಜ ಕೈ ಚಾಚಿ ಅವಳ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ತಲೆಕೆಳಗು ಮಾಡಿದರು.

ಅವಳು ಓದುತ್ತಲೇ ಇದ್ದಳು.

ಗಿಳಿ ಹಾರಿತು. ಪೇರಲ ಮರದ ಮೇಲೆ ಕೂತಿತು. ಪಾಠ ಮುಗಿಯಿತು.

ಆಮೇಲೆ ಯಲಗೂರಪ್ಪ ನಕ್ಕ. ಅದು ಖುಷಿಯ ನಗುವಾಗಿರಲಿಲ್ಲ.

“ಗಿಳಿ ಪಾಠಾ ಗಿಳೀನ ಹೇಳಿತು, ಬಿಡ್ರಿ.”

ಹೊಳೆವ್ವ ಕೈಯಲ್ಲಿದ್ದ ಪುಸ್ತಕ ನೋಡಿದಳು. ಆಗ ಅವಳಿಗೆ ತಿಳಿಯಿತು. ಮೆಟ್ಟಿಲಿಳಿದು ಹೋಗಿ ನೀರಿನ ಅಂಚಿನಲ್ಲಿ ನಮಗೆ ಬೆನ್ನು ಮಾಡಿ ಕೂತಳು.

ನನ್ನ ಕಿವಿ ಕಾದ ಹಂಚಾಗಿತ್ತು. “ಅಜ್ಜಾರ, ನಾ ಏನ್ ಮಾಡ್ಲಿ? ಆಕಿ ತಲಿಯಾಗ ಹೋಗೂದೇ ಇಲ್ಲ.”

“ಎಷ್ಟು ಹೊತ್ತು ಬಿಟ್ಟು ನೋಡಿದಿ?”

“ಏನ್ರಿ?”

“ಆಕಿ ತಡದಾಗ, ನೀ ಹೇಳಿಕೊಡೂ ಮೊದಲ, ಎಷ್ಟು ಹೊತ್ತು ಬಿಟ್ಟಿ?”

ನಾನು ಲೆಕ್ಕ ಹಾಕಿದೆ. ಲೆಕ್ಕಕ್ಕೆ ಸಿಗುವಷ್ಟು ಹೊತ್ತು ಇರಲಿಲ್ಲ.

“ಹೊಳಿಗೆ ಹೋಗು,” ಅಂದರು. “ಬಾಯಿ ತುಂಬ ನೀರು ತುಂಬ್ಕೋ. ನುಂಗಬ್ಯಾಡ, ಉಗುಳಬ್ಯಾಡ. ಆಕಿ ಒಂದು ಸಾಲು ಓದಿ ಮುಗಿಸೂ ತನಕ ಹಿಡಕೊಂಡು ಕುಂದ್ರು.”

“ಇದು ಶಿಕ್ಷಾ ಏನ್ರಿ?”

“ಸುತ್ತ ನೋಡು.”

ಕಂಡಕ್ಟರ್ ಮೆಟ್ಟಿಲಿಗೆ ಮರಳಿ ಹೋಗಿ ಹೊಳೆಗೆ ಬಗ್ಗಿ ಬಾಯಿಗೆ ನೀರು ತುಂಬಿಕೊಳ್ಳುತ್ತಿದ್ದ. ಗಿರಣಿ ಮಾದೇವಪ್ಪನ ಗಲ್ಲ ಆಗಲೇ ಉಬ್ಬಿದ್ದವು. ಹುಸೇನಬಿ ಸೆರಗಿನಿಂದ ತುಟಿ ಒರೆಸಿಕೊಂಡು ತನ್ನ ಮಗುವಿನ ಪಕ್ಕ ಕೂತಳು.

ಅದು ಎಲೆಅಡಿಕೆ ಆಗಿರಲಿಲ್ಲ.

ನಾನು ಕೆಳಗಿಳಿದೆ. ಅಜ್ಜ ಹಿಂದಿನಿಂದ ಕೂಗಿದರು.

“ಆ ಪುಸ್ತಕ ಬ್ಯಾಡ ತಮ್ಮಾ. ಅದಕ್ಕೆಲ್ಲಾ ನಿನ್ನ ದನಿ ಮೆತ್ತೈತಿ. ಈಗ ನೀರು ಬಿಟ್ಟ ಮೆಟ್ಟಲಾ ನೋಡು. ಅದನ್ನ ಓದಲಿ.”

ಪ್ರತಿ ಮೆಟ್ಟಿಲಿಗೂ ಒಂದು ಸಾಲು ಅಕ್ಷರ ಇತ್ತು. ಆ ಕಲ್ಲನ್ನು ಕೊಟ್ಟವರ ಹೆಸರು. ಮೇಲಿನ ಮೆಟ್ಟಿಲುಗಳಲ್ಲಿ ಮಂದಿಯ ಕಾಲು ತಾಗಿ ತಾಗಿ ಎಲ್ಲ ಅಳಿಸಿದ್ದವು. ಬ್ಯಾರೇಜ್ ಕಟ್ಟಿದಾಗಿನಿಂದ ನೀರಲ್ಲೇ ಇದ್ದ ಕೆಳಗಿನ ಹನ್ನೊಂದು ಮಾತ್ರ ಹಾಗೇ ಉಳಿದಿದ್ದವು. ಅವನ್ನು ಓದಿದವರು ಊರಲ್ಲಿ ಯಾರೂ ಉಳಿದಿರಲಿಲ್ಲ.

ಆ ಹನ್ನೊಂದರಲ್ಲಿ ಮೊದಲನೆಯದು ಅವತ್ತು ನೀರಿನಿಂದ ಎದ್ದಿತ್ತು. ಪಾಚಿ ಮೆತ್ತಿಕೊಂಡು ಹಸಿರಾಗಿತ್ತು. ಹೊಳೆವ್ವ ತೆಂಗಿನ ನಾರಿನಿಂದ ತಿಕ್ಕಿದಳು. ಅಕ್ಷರ ಒಂದೊಂದೇ ಕಣ್ಣು ಬಿಟ್ಟವು.

ನಾನು ಬಾಯಿ ತುಂಬ ನೀರು ಹಿಡಿದು ಕೂತೆ.

“ಬ...” ಅಂದಳು. ಬೆರಳು ಮುಂದೆ ಸರಿಯಿತು. ನಿಂತಿತು. ಹಿಂದೆ ಬಂತು. “ಬ...”

ನನಗೆ ತಡೆಯಲಾಗಲಿಲ್ಲ. ಮುಂದಿನ ಅಕ್ಷರ ಹೇಳಲು ಬಾಯಿ ತೆರೆಯಬೇಕೆಂದು ನೀರು ನುಂಗಿದೆ.

“ಮತ್ತ ತುಂಬ್ಕೊಂಡು ಬಾ,” ಮೇಲಿನಿಂದ ಕೂಗು ಬಂತು.

ಎರಡನೇ ಸಲ ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆದು ತೋರಿಸಿದೆ.

“ಕೈ ತೊಡಿ ಕೆಳಗ ಇಟ್ಗೋ.”

ಕೈಗಳನ್ನು ತೊಡೆಯ ಕೆಳಗೆ ತುರುಕಿದೆ. ಗಲ್ಲ ಉಬ್ಬಿಸಿಕೊಂಡು, ಕೈ ಮುಚ್ಚಿಕೊಂಡು ಕೂತ ನನ್ನನ್ನು ಹೊಳೆವ್ವ ನೋಡಿದಳು.

“ಅಣ್ಣಾ, ನಿನ್ನ ಗಲ್ಲ ಬೋಂಡಾ ಆಗ್ಯಾವು.”

ನಗು ಬಂದು ಅಷ್ಟೂ ನೀರು ಮೂಗಿನಲ್ಲಿ ಬಂತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಂಟು ದಿನದಲ್ಲಿ ಅವಳ ಸ್ವಂತ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಮೂರನೇ ಸಲ ನೀರು ನಿಂತಿತು. ಅವಳ ಬೆರಳು ಕಲ್ಲಿನ ಮೇಲೆ ಹರಿಯಿತು.

“ಬ... ಡಿ... ಗೇ... ರ. ಬಡಿಗೇರ.” ಅವಳು ನಿಂತಳು. “ಕಾ... ಳ... ಕಾಳ... ಇದರ ಕಾಲಾಗ ಇನ್ನೊಂದು ಐತಿ. ವ... ವ್ವ. ಕಾಳವ್ವ. ಕಾಳವ್ವನ. ಸೇ... ವೆ.”

ತಲೆ ಎತ್ತಿದಳು. ಕಣ್ಣು ಅಷ್ಟಗಲ.

“ಅಣ್ಣಾ! ಬಡಿಗೇರ ಕಾಳವ್ವ! ನಮ್ಮ ಸಾಲ್ಯಾಗ ಬಿಸಿಊಟಾ ಮಾಡೂ ಕಾಳವ್ವಕ್ಕನ ಮನೀದು! ಆಕಿ ಅಜ್ಜಿ ಹೆಸರೂ ಕಾಳವ್ವನ ಅಂತ!”

ನನಗೆ ಕಾಳವ್ವ ಯಾರೆಂದು ಗೊತ್ತಿರಲಿಲ್ಲ. ಆ ಸಾಲನ್ನು ನಾನು ಅವಳಿಗಿಂತ ಎಷ್ಟೋ ಮೊದಲೇ ಓದಿ ಮುಗಿಸಿದ್ದೆ. ನನಗೆ ಅದರಲ್ಲಿ ಯಾರೂ ಕಂಡಿರಲಿಲ್ಲ.

“ಏನ್ ಬರದೈತವ್ವಾ?” ಮೇಲಿನಿಂದ ಅಜ್ಜ ಕೂಗಿ ಕೇಳಿದರು.

“ಬಡಿಗೇರ ಕಾಳವ್ವನ ಸೇವೆ, ಅಜ್ಜಾ!”

“ಹೌದಾ? ನನಗ ಗೊತ್ತಿರಲಿಲ್ಲ ನೋಡು.”

ಮರುದಿನ ಅಡಿಗೆಯ ಕಾಳವ್ವ ಸೌಟು ಬಿಟ್ಟು ಓಡಿಬಂದಳು. ಮೆಟ್ಟಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಕ್ಷರದ ಮೇಲೆ ಕೈಯಾಡಿಸಿದಳು. ಅರಿಶಿನ ಕುಂಕುಮ ಹಚ್ಚಿದಳು. ಹೊಳೆವ್ವನ ಹಣೆಗೂ ಒಂದಿಷ್ಟು ಹಚ್ಚಿ ಹೋದಳು.

ಹೊಳೆ ಇಳಿಯುತ್ತಿತ್ತು. ಒಂದು ದಿನಕ್ಕೊಂದು ಮೆಟ್ಟಿಲು, ಕೆಲವು ಸಲ ಎರಡು ದಿನಕ್ಕೊಂದು. ನಾಳೆ ಏನು ಕಾಣುತ್ತದೋ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಬಾಯಿಪಾಠ ಮಾಡಿಸಲು ದಾರಿಯೇ ಇರಲಿಲ್ಲ. ಇದ್ದಿದ್ದರೆ ಮಾಡಿಸಿಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ನೀರು ಹಿಡಿದು ಕೂತವನಿಗೆ ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ನೋಡಿದೆ. ಒಂದು ಅಕ್ಷರಕ್ಕೆ ಅವಳ ಹುಬ್ಬು ಎಷ್ಟು ಸಲ ಗಂಟಾಗುತ್ತದೆ, ತುಟಿ ದನಿಯಿಲ್ಲದೆ ಎಷ್ಟು ಸಲ ಅದನ್ನು ತಿರುಗಿಸಿ ನೋಡುತ್ತದೆ, ಬೆರಳು ಹೇಗೆ ಹಿಂದೆ ಬಂದು ಮತ್ತೆ ಓಡಿ ಬಂದು ಹಾರುತ್ತದೆ. ಹಾರಿ ಆಚೆ ಬಿದ್ದ ಕೂಡಲೇ ಮುಖದಲ್ಲಿ ಒಂದು ಬೆಳಕು.

ಇಪ್ಪತ್ತು ವರ್ಷ ಓದಿದ್ದೆ. ಓದನ್ನು ಕಣ್ಣಿನಿಂದ ನೋಡಿರಲಿಲ್ಲ.

ಅವಳು ಒಂದೊಂದು ಮೆಟ್ಟಿಲು ಓದಿದಾಗಲೂ ಮೇಲಿನಿಂದ ಅದೇ ಕೂಗು: “ಏನ್ ಬರದೈತವ್ವಾ?” ಅವಳು ಹೇಳಿದ ಮೇಲೆ ಅದೇ ಮಾತು: “ನನಗ ಗೊತ್ತಿರಲಿಲ್ಲ ನೋಡು.”

ಮಕ್ಕಳನ್ನು ಹುರಿದುಂಬಿಸುವ ಉಪಾಯ ಇದು, ಅಂದುಕೊಂಡೆ. ನಾನೂ ಮುಂದೆ ಕಲಿಸುವಾಗ ಹೀಗೇ ನಾಟಕ ಮಾಡಬೇಕು ಅಂದುಕೊಂಡೆ.

ಹತ್ತು ಮೆಟ್ಟಿಲಾದವು. ಹತ್ತೂ ‘ಸೇವೆ’ ಎಂದೇ ಮುಗಿಯುತ್ತಿದ್ದವು. ಕೊನೆಯದು ನೀರಿನ ಕೆಳಗೆ ಮೊಳದಾಳದಲ್ಲಿ ಕಪ್ಪಗೆ ಕಾಣುತ್ತಿತ್ತು. ನಡುಹೊಳೆಯಲ್ಲಿ ಉಸುಕು ಬೆನ್ನೆತ್ತಿತ್ತು. ಯಲಗೂರಪ್ಪ ಗುಡಿಸಲಿಗೆ ಬಿದಿರು ಕಡಿದು ಇಟ್ಟಿದ್ದ.

ಅವತ್ತು ಎಲ್ಲರೂ ಎದ್ದು ಹೋದ ಮೇಲೆ ನಾನು ನೀರು ಉಗುಳಿ ಅಜ್ಜನ ಹತ್ತಿರ ಹೋದೆ.

“ಅಜ್ಜಾರ, ನಾಳೆ ಕಡೀ ಮೆಟ್ಟಲಾ. ಅದರ ಮ್ಯಾಲ ಏನೈತಿ, ನನಗೊಬ್ಬನಿಗೆ ಹೇಳ್ರಿ.”

“ಯಾಕ?”

“ಯಲಗೂರಪ್ಪ ಮುಂದ ನಿಂತಿರತಾನ. ಆಕಿ ಹೆದರಿ ಸೋತ್ರ ಸಾಲಿ ಹೋತು. ಮುಂಜಾನೆ ಒಂದೀಟು ರೂಢಿ ಮಾಡಸ್ತೀನಿ.”

“ನನಗ ಗೊತ್ತಿಲ್ಲ.”

“ನನ್ನ ಮುಂದೂ ಅದ ಆಟ ಏನ್ರಿ?”

“ಆಟ ಅಲ್ಲೋ ತಮ್ಮಾ. ನನಗ ಓದಾಕ ಬರೂದಿಲ್ಲ.”

ನಾನು ನಕ್ಕೆ. ಅಜ್ಜ ನಗಲಿಲ್ಲ. ಬಲಗೈಯನ್ನು ಬಿಚ್ಚಿ ನನ್ನ ಮುಂದೆ ಹಿಡಿದರು. ಅಂಗೈ ತುಂಬ ಹಳೆಯ ಗಾಯದ ಗುರುತು.

“ಈ ಮೆಟ್ಟಲದ ಅಕ್ಷರ ಎಲ್ಲಾ ಕೆತ್ತಿದ ಕೈ ಇದು. ನನಗ ಕಲ್ಲುಕೆಲಸ ಕಲಿಸಿದ ಗುರು ಕೆಂಪು ಜಾಜಿನ ಮಣ್ಣಿನಿಂದ ಕಲ್ಲಿನ ಮ್ಯಾಲ ಬರೀತಿದ್ದ. ನಾ ಅದರ ಮ್ಯಾಲ ಉಳಿ ಹೊಡೀತಿದ್ದೆ. ಅಂವಗ ಅದು ಅಕ್ಷರ. ನನಗ ಬರೇ ಗೀಟು.”

ನನಗೆ ಮಾತು ಹೊರಡಲಿಲ್ಲ. ಬಾಯಲ್ಲಿ ನೀರಿರಲಿಲ್ಲ, ಆದರೂ ಹೊರಡಲಿಲ್ಲ.

“ನೀವು ಕಡೀ ಮೆಟ್ಟಲಾ ಅಂತೀರಿ. ಕಟ್ಟಾವರಿಗೆ ಅದು ಮೊದಲಿಂದು. ನನ್ನ ಉಳಿಗೂ ಅದ ಮೊದಲಿನ ಅಕ್ಷರ. ಕೆತ್ತಿ ಮುಗಿಸಿದ ದಿನ ಕೇಳಿದೆ, ಏನ್ ಬರದೀರಿ ಅಂತ. ‘ಯಾರರೆ ಓದಿ ಹೇಳತಾರ’ ಅಂದ.”

“ಮತ್ತ ಯಾರಿಗರೆ ಕೇಳಬೇಕಿತ್ತಲ್ರಿ?”

“ನಾಚಿಕಿ. ಅಕ್ಷರ ಕೆತ್ತಾಂವಗ ಅಕ್ಷರ ಬರೂದಿಲ್ಲ ಅಂದ್ರ ಮಂದಿ ನಗತಾರ. ನಾಚಿಕಿ ಹೋಗೂದರಾಗ ಬ್ಯಾರೇಜ್ ಕಟ್ಟಿದ್ರು. ನೀರು ಬಂತು. ಗುರುನೂ ಹೋದ.”

“ಎಷ್ಟು ವರ್ಷಾತ್ರಿ?”

“ಅರವತ್ತೊಂದು.”

ಹೊಳೆಯಲ್ಲಿ ಒಂದು ಮೀನು ಎಗರಿ ಬಿತ್ತು.

“ಹೆಂಗಿದ್ರು ಅಜ್ಜಾರ, ನಿಮ್ಮ ಗುರುಗಳು?”

“ಸಿಟ್ಟಿನಾಂವ. ನಮ್ಮವ್ವ ನನಗ ಭರಮಪ್ಪ ಅಂತ ಹೆಸರಿಟ್ಟಿದ್ಲು. ಏಳು ವರ್ಷದಾಗ ಅಂವ ಒಂದ ಒಂದು ಸಲಾನೂ ಆ ಹೆಸರು ಹಿಡದು ಕರೀಲಿಲ್ಲ. ಮೊಂಡ ಅಂತಿದ್ದ. ಚೂಪು ಹೋದ ಉಳಿಗೆ ಅಂತಾರಲ್ಲ, ಹಂಗ. ಏ ಮೊಂಡ, ಸುತ್ತಿಗಿ ತಾ. ಏ ಮೊಂಡ, ಅತ್ತ ಸರಿ. ಯಾರರೆ ‘ಈ ಹುಡುಗ ಯಾರು’ ಅಂದ್ರ ‘ಕೂಲ್ಯಾಂವ’ ಅಂತಿದ್ದ.”

“ಆಮ್ಯಾಲಾದ್ರೂ ನೀವು ಓದಾಕ ಕಲೀಬಹುದಿತ್ತಲ್ರಿ?”

ಅಜ್ಜ ಈಗ ನಕ್ಕರು.

“ಕಲತಿದ್ರ ನಿನ್ನಂಗ ನಡುವ ಬಾಯಿ ಹಾಕತಿದ್ದೆ. ಬರೂದಿಲ್ಲ ಅಂತ ಕೂಸುಗಳು ನನಗ ಓದಿ ಹೇಳತಾವು.”

ನಾನು ಮೆಟ್ಟಿಲಿಳಿದು ಬಂದು ಒಬ್ಬನೇ ಕೂತೆ. ‘ಏನ್ ಬರದೈತವ್ವಾ’ ಅನ್ನುವುದು ನಾಟಕವಾಗಿರಲಿಲ್ಲ. ಆ ಮನುಷ್ಯ ನಿಜವಾಗಿ ಕೇಳುತ್ತಿದ್ದ. ಅಷ್ಟು ವರ್ಷ, ಒಂದೊಂದು ಮಗುವನ್ನೂ, ನಿಜವಾಗಿ.

ಮರುದಿನ ಮಧ್ಯಾಹ್ನ ಮೂರು ಗಂಟೆಗೇ ಕೊನೆಯ ಮೆಟ್ಟಿಲು ನೀರು ಬಿಟ್ಟಿತ್ತು.

ಯಲಗೂರಪ್ಪ ತೆಪ್ಪದಲ್ಲಿ ಬಿದಿರು, ಚಾಪೆ, ಬೀಜದ ಗಂಟು ಹೇರಿಕೊಂಡು ಬಂದು ನಿಂತಿದ್ದ. ಒಂದು ಸಣ್ಣ ಹಾಸಿಗೆ ಸುರುಳಿಯೂ ಇತ್ತು. ಅದು ಯಾರದೆಂದು ಹೊಳೆವ್ವನಿಗೆ ಗೊತ್ತಿತ್ತು.

“ಮೆಟ್ಟಲಾ ಕಂಡೈತಿ,” ಅಂದ ಅವನು. “ಓದು. ಇಲ್ಲಂದ್ರ ತೆಪ್ಪ ಹತ್ತು.”

ಆಗ ಮೇಲೆ ಏನೋ ಸದ್ದಾಯಿತು. ಎಲ್ಲರೂ ತಿರುಗಿ ನೋಡಿದರು.

ಅಜ್ಜ ಇಳಿಯುತ್ತಿದ್ದರು.

ಅವರು ಮೇಲಿನ ಮೆಟ್ಟಿಲು ಬಿಟ್ಟು ಕೆಳಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಕೋಲೂರಿ, ಒಂದೊಂದೇ ಮೆಟ್ಟಿಲು. ಕಂಡಕ್ಟರ್ ಕೈ ಕೊಡಲು ಹೋದ. ಬೇಡವೆಂದರು. ಕೆಳಗೆ ಬಂದು, ಕೆಸರಲ್ಲೇ, ಆ ಕಲ್ಲಿನ ಪಕ್ಕ ಕೂತರು.

“ಓದವ್ವಾ. ಅವಸರ ಇಲ್ಲ.”

ಹೊಳೆವ್ವ ತೆಂಗಿನ ನಾರಿನಿಂದ ತಿಕ್ಕಿದಳು. ಕೆಸರು ಹೋಯಿತು. ಪಾಚಿ ಹೋಯಿತು. ನಾನು ಬಾಯಿ ತುಂಬ ನೀರು ಹಿಡಿದು ಅವಳ ಹೆಗಲ ಹಿಂದೆ ನಿಂತಿದ್ದೆ.

ನನಗೆ ಓದಲು ಒಂದು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಓದಿದೆ. ಬಾಯಲ್ಲಿದ್ದ ನೀರು ಕಲ್ಲಾಯಿತು.

ಅಜ್ಜ ನನ್ನ ಮುಖ ನೋಡಿದರು. ನಾನು ಓದಿಬಿಟ್ಟೆ ಅಂತ ಅವರಿಗೆ ತಿಳಿಯಿತು. ಅರವತ್ತೊಂದು ವರ್ಷ ಕಾದ ಮಾತು ಒಂದು ಮಾರು ದೂರದಲ್ಲಿ ನನ್ನ ನಾಲಿಗೆಯ ಮೇಲಿತ್ತು. ಅವರು ಒಂದು ಹುಬ್ಬು ಎತ್ತಿದ್ದರೂ ಸಾಕಿತ್ತು, ನಾನು ಹೇಳಿಬಿಡುತ್ತಿದ್ದೆ.

ಎತ್ತಲಿಲ್ಲ. ಹುಡುಗಿಯ ಕಡೆ ತಿರುಗಿ ಕೂತರು.

“ಕೆ...” ಅಂದಳು ಹೊಳೆವ್ವ. “ಕೆತಿ... ಕಾಲಾಗ ಇನ್ನೊಂದು ಐತಿ. ಕೆತ್ತಿ. ಕೆತ್ತಿದ... ಕೆತ್ತಿದವ... ನು. ಕೆತ್ತಿದವನು.”

ಬೆವರು ಒರೆಸಿಕೊಂಡಳು.

“ನ... ನ್ನ. ನನ್ನ.”

ಮುಂದಿನದಕ್ಕೆ ಬೆರಳು ಹೋಯಿತು. ನಿಂತಿತು.

“ಶಿ...”

ಹಿಂದೆ ಬಂತು. ಮತ್ತೆ ಹೋಯಿತು. “ಶಿ... ಶಿಷ...” ಮತ್ತೆ ಹಿಂದೆ ಬಂತು.

ಇಳಿಬಿಸಿಲು ಆಚೆ ದಡದ ಜಾಲಿಗಿಡಗಳಿಗೆ ತಾಗಿತು. ತೆಪ್ಪ ಕಲ್ಲಿಗೆ ಉಜ್ಜಿ ಸದ್ದು ಮಾಡುತ್ತಿತ್ತು.

“ಲಗಮಣ್ಣಾ, ನೀರು ಉಗುಳಿ ಹೇಳಿಬಿಡೋ ಯಪ್ಪಾ,” ಅಂದ ಯಲಗೂರಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮಗಳ ಒದ್ದಾಟ ನೋಡಲಾಗದ ಸಂಕಟವಿತ್ತು. “ಹೊತ್ತಾತು.”

ನಾನು ತಲೆಯಾಡಿಸಿದೆ. ಕಣ್ಣಲ್ಲಿ ನೀರು ಬಂತು, ಬಾಯಿಯದು ಬಿಡಲಿಲ್ಲ.

ಹೊಳೆವ್ವ ಅಪ್ಪನನ್ನು ನೋಡಿದಳು. ತೆಪ್ಪದಲ್ಲಿದ್ದ ಹಾಸಿಗೆ ಸುರುಳಿ ನೋಡಿದಳು. ಕೈ ಕಲ್ಲಿನಿಂದ ಜಾರಿತು.

“ಸೇವೆ ಅಂತ ಇರಬೇಕು ಅಜ್ಜಾ. ಎಲ್ಲಾದರಾಗೂ ಅದ ಇತ್ತಲ್ಲ.”

“ಇರಬೇಕು ಅನ್ನೂದು ಬ್ಯಾಡವ್ವಾ,” ಅಂದರು ಅಜ್ಜ. “ಏನೈತಿ, ಅದನ್ನ ಹೇಳು.”

ಅವಳು ಮತ್ತೆ ಬಗ್ಗಿದಳು. ಈ ಸಲ ಮೂಗು ಕಲ್ಲಿಗೆ ತಾಗುವಷ್ಟು. ಬೆರಳನ್ನು ಗೀರಿನೊಳಗೆ ಇಳಿಸಿ ಅಕ್ಷರದ ಮೈಯ ಉದ್ದಕ್ಕೂ ಎಳೆದಳು. ತುಟಿ ಅಲುಗಿತು. ಹುಬ್ಬು ಗಂಟಾಯಿತು. ಬೆರಳು ಹಿಂದೆ ಬಂತು, ಓಡಿತು, ಹಾರಿತು.

“ಶಿಷ್... ಯ. ಶಿಷ್ಯ.”

ಬೆರಳು ಮುಂದಿನ ಅಕ್ಷರಕ್ಕೆ ಸರಿಯಿತು.

“ಭ... ರ... ಮ...” ಅವಳಿಗೆ ಈಗ ಹಿಡಿತ ಸಿಕ್ಕಿತ್ತು. “ಪ್ಪ. ಭರಮಪ್ಪ.”

ತಲೆ ಎತ್ತಿದಳು.

“ಮುಂದ ಏನೂ ಇಲ್ಲ ಅಜ್ಜಾ. ಸೇವೆ ಇಲ್ಲ. ಅಷ್ಟ ಐತಿ.”

“ಏನ್ ಬರದೈತವ್ವಾ?”

ದಿನಾ ಕೇಳುವ ಮಾತೇ. ಇವತ್ತು ಕೂಗಲಿಲ್ಲ. ಪಿಸುಗುಟ್ಟಿದರು.

ಹೊಳೆವ್ವ ಮೊದಲಿನಿಂದ ಓದಿದಳು. ಎಲ್ಲೂ ನಿಲ್ಲಲಿಲ್ಲ. ಅದು ನನ್ನ ದನಿಯಲ್ಲ. ಯಾರ ದನಿಯೂ ಅಲ್ಲ, ಅವಳದೇ.

“ಕೆತ್ತಿದವನು ನನ್ನ ಶಿಷ್ಯ ಭರಮಪ್ಪ.”

ಅಜ್ಜನ ಕೈ ಕಲ್ಲಿನ ಮೇಲೆ ಬಂತು. ಒಂದೊಂದು ಗೀರಿನಲ್ಲೂ ಬೆರಳು ತಾನಾಗಿ ಇಳಿದು ತಾನಾಗಿ ಎದ್ದಿತು. ಆ ಬೆರಳಿಗೆ ದಾರಿ ಗೊತ್ತಿತ್ತು. ಎಲ್ಲಿಗೆ ಹೋಗುವ ದಾರಿ ಅಂತ ಇವತ್ತು ಗೊತ್ತಾಯಿತು.

“ಭರಮಪ್ಪ ಅಂದ್ರ ಯಾರು ಅಜ್ಜಾ?”

“ನಾನವ್ವಾ.”

ಹೊಳೆವ್ವ ಒಮ್ಮೆ ಕಲ್ಲನ್ನು, ಒಮ್ಮೆ ಅಜ್ಜನನ್ನು ನೋಡಿದಳು. “ನಿನಗ ಗೊತ್ತಿರಲಿಲ್ಲೇನು?”

“ಗೊತ್ತಿರಲಿಲ್ಲ ನೋಡು.”

ಯಲಗೂರಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ. ಆಮೇಲೆ ತೆಪ್ಪಕ್ಕೆ ಹೋಗಿ ಆ ಸಣ್ಣ ಹಾಸಿಗೆ ಸುರುಳಿಯನ್ನು ಎತ್ತಿ ತಂದು ಮೆಟ್ಟಿಲಿನ ಮೇಲಿಟ್ಟ.

“ಬಳ್ಳಿ ಕಾಯಾಕ ನಾಯಿ ಐತಿ,” ಅಂದ. “ನೀ ಸಾಲಿಗೆ ಹೋಗು.”

ಹಗ್ಗ ಬಿಚ್ಚುತ್ತ, ಮಗಳ ಮುಖ ನೋಡದೆ, ಇನ್ನೊಂದು ಮಾತು ಸೇರಿಸಿದ.

“ಬೀಜದ ಪಾಕೀಟಿನ ಮ್ಯಾಲ ಏನೇನೋ ಬರದಿರತಾರ. ಭಾನುವಾರ ಬಂದು ಓದಿ ಹೇಳು. ನಾ ಕಾಯ್ತೀನಿ. ಮೆಲ್ಲಕ ಓದಿದ್ರೂ ಅಡ್ಡಿಯಿಲ್ಲ.”

ತೆಪ್ಪ ನಡುಹೊಳೆಗೆ ತಿರುಗಿತು. ಹೊಳೆವ್ವ ಹಾಸಿಗೆ ಸುರುಳಿಯ ಮೇಲೆ ಕೂತು ಆ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು.

ನನಗೆ ಹೇಳುವುದು ಬೆಟ್ಟದಷ್ಟಿತ್ತು. ನಾನು ಮೊದಲೇ ಓದಿದ್ದೆ ಅಂತ ಹೇಳಬೇಕಿತ್ತು. ಓದಿಯೂ ತಡೆದೆ ಅಂತ ಹೇಳಬೇಕಿತ್ತು. ನನ್ನಂತೆ ತಡೆಯುವವನು ಏಳು ಹಳ್ಳಿಯಲ್ಲಿ ಇಲ್ಲ ಅಂತಲೂ ಹೇಳಬೇಕಿತ್ತು. ಆ ಪುರಾಣದ ಪೀಠದ ಮೇಲೆ ಕೂರಲು ನನಗೆ ಹೆದರಿಕೆಯಾಗುತ್ತಿದೆ ಅಂತ ಕೊನೆಗೆ ಹೇಳಬೇಕಿತ್ತು.

ಬಾಯಲ್ಲಿದ್ದುದನ್ನು ಉಗುಳಲು ಹೊಳೆಯ ಕಡೆ ಬಗ್ಗಿದೆ.

ಅಜ್ಜನ ಕೈ ನನ್ನ ಹೆಗಲ ಮೇಲೆ ಬಿತ್ತು.

“ಉಗುಳಬ್ಯಾಡ ತಮ್ಮಾ. ನುಂಗು. ಇವತ್ತು ಅದು ತೀರ್ಥ.”